ಪ್ರತಿ: ಫ್ಲೋಟ್‌ನಿಂದ ಮಾಡಿದ ‘ತೂಕ’ ಕ್ಲಾಸ್, ಕೂಡಿದರೆ ತಳಿ ಮಾಯ

ಪೈಥಾನ್‌ನ ಫ್ಲೋಟ್ (ದಶಮಾಂಶ ಸಂಖ್ಯೆಯ ಟೈಪ್) ಆಧರಿಸಿ ಕಾಫಿ ಚೀಲಗಳಿಗೆ ‘ತೂಕ’ ಅನ್ನುವ ಕ್ಲಾಸ್ ಮಾಡಿದ್ದೀರಿ, ಎರಡು ತೂಕ ಕೂಡಿದರೆ ತಳಿಯ ಹೆಸರು ಮಾಯ ಅಂತ ಕೇಳಿದ್ದೀರಿ. ನೀವು ಕೂಡುವ ಮೆಥಡ್ (ಕ್ಲಾಸ್ ಒಳಗಿನ ಫಂಕ್ಷನ್) ಬರೆಯದೇ ಇರುವುದೇ ಕಾರಣ ಇರಬೇಕು. ಆಗ ಪೈಥಾನ್ ಫ್ಲೋಟ್‌ನ ಸ್ವಂತ ಮೆಥಡ್ ಓಡಿಸುತ್ತದೆ, ಅದು ಬರೀ ಫ್ಲೋಟ್ ವಾಪಸ್ ಕೊಡುತ್ತದೆ. 50 ಕೆಜಿ ಚೀಲಕ್ಕೆ 48.5 ಕೂಡಿದರೆ 98.5 ಸರಿಯಾಗೇ ಬರುತ್ತದೆ, ‘ರೊಬಸ್ಟಾ ಚೆರಿ’ (ಹಣ್ಣಿನ ಸಮೇತ ಒಣಗಿಸಿದ ರೊಬಸ್ಟಾ ಕಾಫಿ) ಅನ್ನುವ ಚೀಟಿ ಮಾತ್ರ ಉದುರಿಹೋಗಿರುತ್ತದೆ. ಮೊತ್ತವನ್ನು ಟೈಪ್ ಫಂಕ್ಷನ್‌ಗೆ ಕೊಟ್ಟು ನೋಡಿ, ಗೊತ್ತಾಗುತ್ತದೆ.

ಆದರೆ ಮೊದಲು ನೀವು ಹೇಳಿದ ಇನ್ನೊಂದು ಎರರ್ ಸರಿಮಾಡಿ, ಅದೇ ‘ಒಂದಕ್ಕಿಂತ ಜಾಸ್ತಿ ಆರ್ಗ್ಯುಮೆಂಟ್ ಬೇಡ’ ಅನ್ನುವುದು. ಕೋಡ್ ಪೂರ್ತಿ ಹಾಕಿಲ್ಲ, ಆದರೂ ತಳಿಯನ್ನು ಇನಿಟ್‌ನಲ್ಲಿ (__init__, ಹುಟ್ಟಿದ ಆಬ್ಜೆಕ್ಟನ್ನು ಸಜ್ಜು ಮಾಡುವ ಮೆಥಡ್) ತೆಗೆದುಕೊಂಡಿದ್ದೀರಿ ಅನಿಸುತ್ತದೆ. ಫ್ಲೋಟ್ ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ. ಇನಿಟ್ ಶುರುವಾಗುವ ಮುಂಚೆಯೇ ನ್ಯೂ ಮೆಥಡ್‌ನಲ್ಲಿ (__new__, ಆಬ್ಜೆಕ್ಟ್ ಹುಟ್ಟಿಸುವುದು) ಸಂಖ್ಯೆ ಕೂತಿರುತ್ತದೆ. ಹಾಗಾಗಿ ನ್ಯೂನಲ್ಲೇ ಎರಡನ್ನೂ ತೆಗೆದುಕೊಳ್ಳಿ, ಸೂಪರ್‌ಗೆ (ಅಂದರೆ ಫ್ಲೋಟ್‌ನ ನ್ಯೂಗೆ) ಕ್ಲಾಸ್ ಜೊತೆ ಸಂಖ್ಯೆ ಮಾತ್ರ ಕಳಿಸಿ, ಬಂದ ಆಬ್ಜೆಕ್ಟ್‌ಗೆ ತಳಿ ಅಂಟಿಸಿ ರಿಟರ್ನ್ ಮಾಡಿ.

ಆಮೇಲೆ ಆಡ್ ಮೆಥಡ್ (__add__, ಕೂಡುವುದು) ಬರೆದು, ಉತ್ತರವನ್ನು ಮತ್ತೆ ‘ತೂಕ’ದಲ್ಲಿ ಸುತ್ತಿ ಕೊಡಿ. ಆರ್‌ಆಡ್ (__radd__, ನಿಮ್ಮ ಆಬ್ಜೆಕ್ಟ್ ಬಲಗಡೆ ಇದ್ದಾಗ ಓಡುವುದು) ಕೂಡ ಬೇಕು, ಯಾಕಂದ್ರೆ ಪಟ್ಟಿ ಕೂಡುವ ಸಮ್ ಫಂಕ್ಷನ್ 0ಯಿಂದ ಶುರುಮಾಡುತ್ತದೆ, ಎಡಗಡೆ ಇರುವುದು ನಿಮ್ಮ ಕ್ಲಾಸ್ ಅಲ್ಲ. ಕಳೆಯಲು, ಗುಣಿಸಲು, ರೌಂಡ್ ಮಾಡಲು ಮತ್ತೆ ಇದೇ ಪಾಡು. ಬೇಜಾರಿನ ಕೆಲಸ.

ನಾನಾದರೆ ಫ್ಲೋಟ್ ಬಿಟ್ಟು, ಕೆಜಿ ಮತ್ತು ತಳಿ ಎರಡೂ ಫೀಲ್ಡ್ ಇರುವ ಡೇಟಾಕ್ಲಾಸ್ (ಮಾಹಿತಿ ಇಡಲೆಂದೇ ಇರುವ ಸರಳ ಕ್ಲಾಸ್) ಮಾಡುತ್ತೇನೆ. ಅರೇಬಿಕಾ ಪಾರ್ಚ್‌ಮೆಂಟನ್ನು (ತಿರುಳು ತೆಗೆದು ಒಣಗಿಸಿದ ಅರೇಬಿಕಾ ಕಾಫಿ) ರೊಬಸ್ಟಾ ಚೆರಿಗೆ ಸುಮ್ನೆ ಕೂಡುವ ಹಾಗೆ ಇರಬಾರದು ಅಲ್ವಾ? ಆಡ್‌ನಲ್ಲಿ ತಳಿ ಬೇರೆ ಇದ್ದರೆ ವ್ಯಾಲ್ಯೂ ಎರರ್ (ತಪ್ಪು ಮೌಲ್ಯ ಬಂದಾಗ ಕೊಡುವ ಎರರ್) ಎಸೆಯಿರಿ. ಕೊಡಗಿನಲ್ಲಿ 50 ಕೆಜಿ ಚೀಲಕ್ಕೆ ಹೇಳುವ ದರವನ್ನು ಡೆಸಿಮಲ್‌ನಲ್ಲಿ (ದಶಮಾಂಶಗಳನ್ನು ನಿಖರವಾಗಿ ಇಡುವ ಪೈಥಾನ್ ಟೈಪ್) ಇಡಿ. ಅದಕ್ಕೆ ಫ್ಲೋಟ್ ಜೊತೆ ನೇರ ಗುಣಾಕಾರ ಆಗುವುದಿಲ್ಲ, ಹಾಗಾಗಿ ಕೆಜಿಯನ್ನೂ ಡೆಸಿಮಲ್ ಮಾಡಿಬಿಡಿ.