ಸೀಟಿನಡಿಯ ಗರಗರ ಸದ್ದು: ಟ್ರೈಕಿನ ಐಡ್ಲರ್ ಬದಲಿಸುವ ಬಗೆ

ಪ್ರಶ್ನೆ: ಒರಗಿ ಕೂತು ತುಳಿಯುವ ರಿಕಂಬೆಂಟ್ ಟ್ರೈಕ್, ಮುಂದೆ ಎರಡು ಗಾಲಿ, ಹಿಂದೆ ಒಂದು. ಏರಿನಲ್ಲಿ ಒತ್ತಿ ತುಳಿದಾಗ ಸೀಟಿನಡಿ ಗರಗರ ಎನ್ನುತ್ತದೆ, ತುಳಿಯುವುದು ನಿಲ್ಲಿಸಿದರೆ ಸದ್ದೂ ಇಲ್ಲ. ಚೈನಿಗೆ ಎಣ್ಣೆ ಹಾಕಿದರೂ ಹೋಗಲಿಲ್ಲ. ಐಡ್ಲರ್ ಸವೆದಿದೆಯೇ? ಪೂರ್ತಿ ಹೊಸದೇ ಹಾಕಬೇಕೇ?

ಉತ್ತರ: ಒತ್ತಿ ತುಳಿದಾಗ ಮಾತ್ರ ಬರುವ ಸದ್ದಾದರೆ ಮೊದಲ ಅನುಮಾನ ಎಳೆತದ ಬದಿಯ, ಅಂದರೆ ತುಳಿದಾಗ ಹಿಂದಿನ ಗಾಲಿಯನ್ನು ಎಳೆಯುವ ಚೈನಿನ ಬದಿಯ, ಐಡ್ಲರಿನ ಮೇಲೆಯೇ. ಪೆಡಲಿನಿಂದ ಹಿಂದಿನ ಗಾಲಿಯವರೆಗೆ ಚೈನು ನೆಟ್ಟಗೆ ಹೋಗಲಾರದು, ದಾರಿಯಲ್ಲಿ ಸೀಟು, ಚೌಕಟ್ಟು ಅಡ್ಡ ಬರುತ್ತವೆ. ಅಲ್ಲಿ ಅದನ್ನು ಬಾಗಿಸಿ ಕಳಿಸುವ ಪುಟ್ಟ ಗಾಲಿಯೇ ಐಡ್ಲರ್. ಹಿಂದಿರುಗುವ ಬದಿಯ ಚೈನಿನಲ್ಲಿ ಡಿರೇಲರ್ (ಹಿಂದೆ ಗೇರ್ ಬದಲಿಸುವ ಸಾಧನ) ಸ್ಪ್ರಿಂಗಿನ ಎಳೆತವಷ್ಟೇ ಇರುತ್ತದೆ. ಎಳೆತದ ಬದಿಯ ಕತೆ ಬೇರೆ. 170 ಮಿ.ಮೀ. ಕ್ರ್ಯಾಂಕ್ (ಪೆಡಲಿನ ತೋಳು), 42 ಹಲ್ಲಿನ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ) ಇದ್ದು, ಪೆಡಲಿನ ಮೇಲೆ 40 ಕಿಲೋ ಭಾರ ಬಿದ್ದರೆ ಚೈನಿನಲ್ಲಿ ಸುಮಾರು 80 ಕಿಲೋ ಎಳೆತ ಹುಟ್ಟುತ್ತದೆ. ಆ ಚೈನು ಐಡ್ಲರಿನ ಬಳಿ 30 ಡಿಗ್ರಿ ಬಾಗಿದರೂ ಸಾಕು, ಅದರಲ್ಲಿ ಅರ್ಧದಷ್ಟು, ಅಂದರೆ 40 ಕಿಲೋದಷ್ಟು, ನೇರ ಬೇರಿಂಗಿನ ಮೇಲೆ ಬೀಳುತ್ತದೆ. ಐಡ್ಲರಿಗೆ 15 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಅದು 2.8 ಸುತ್ತು ತಿರುಗಿರುತ್ತದೆ. ಅದೂ ನೆಲಕ್ಕೆ ಹತ್ತಿರ, ಧೂಳು ಕೆಸರಿನ ನಡುವೆ.

ಹೊಸದು ತರುವ ಮುನ್ನ ಸವೆದಿರುವುದು ಯಾವುದೆಂದು ಗೊತ್ತುಮಾಡಿಕೊಳ್ಳಿ. ಚೈನನ್ನು ಮುಂದಿನ ಚೈನ್‌ರಿಂಗಿನಿಂದ ಇಳಿಸಿದರೆ ಸಡಿಲ ಸಿಗುತ್ತದೆ. ಐಡ್ಲರಿನಿಂದ ಚೈನು ಬಿಡಿಸಿ, ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಮರಳು ಅರೆದಂತೆ ಕೈಗೆ ತಾಗಿದರೆ, ಅಥವಾ ಅಲ್ಲಲ್ಲಿ ತಡೆದು ನಿಂತರೆ ಬೇರಿಂಗ್ ಹೋಗಿದೆ. ಆಮೇಲೆ ಅಂಚು ಹಿಡಿದು ಅತ್ತಿತ್ತ ಅಲುಗಿಸಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಕೆಲವು ಐಡ್ಲರುಗಳನ್ನು ಚೈನಿನ ಸಾಲಿಗೆ ತಕ್ಕಂತೆ ಪಕ್ಕಕ್ಕೆ ಸರಿಯಲೆಂದೇ ಮಾಡಿರುತ್ತಾರೆ. ಇಡೀ ಗಾಲಿ ನೆಟ್ಟಗೇ ಇದ್ದು ಪಕ್ಕಕ್ಕೆ ಜಾರಿದರೆ ಅದು ದೋಷವಲ್ಲ. ತಟ್ಟೆಯಂತೆ ವಾಲಿದರೆ ಮಾತ್ರ ಬೇರಿಂಗೋ ಬುಷ್ಷೋ (ಬೋಲ್ಟಿನ ಸುತ್ತ ಕೂರುವ ಪುಟ್ಟ ಕೊಳವೆ) ಸವೆದಿದೆ.

ಹಲ್ಲು ಮೊನಚಾಗಿರುವುದನ್ನು ಕಂಡು ಹೌಹಾರಬೇಡಿ. ಹಿಂದಿನ ಸ್ಪ್ರಾಕೆಟ್ಟಿನಂತೆ (ಹಿಂದಿನ ಗಾಲಿಯ ಹಲ್ಲುಚಕ್ರ) ಐಡ್ಲರ್ ಟ್ರೈಕಿನ ಗಾಲಿಯನ್ನು ಎಳೆಯುವುದಿಲ್ಲ, ಚೈನಿನ ಜೊತೆ ಸುಮ್ಮನೆ ಉರುಳುತ್ತದೆ. ಹಲ್ಲು ಸ್ವಲ್ಪ ಸವೆದರೂ ಚೈನು ಜಾರುವುದಿಲ್ಲ. ಆದರೆ ಹಲ್ಲಿನ ಒಂದು ಪಕ್ಕ ಮಾತ್ರ ತೆಳ್ಳಗಾಗಿದ್ದರೆ ಚೈನು ಓರೆಯಾಗಿ ಬರುತ್ತಿದೆ. ಅದನ್ನು ಸರಿಪಡಿಸದೆ ಹೊಸ ಐಡ್ಲರ್ ಹಾಕಿದರೆ ಅದೂ ಹಾಗೆಯೇ ಹಾಳಾಗುತ್ತದೆ. ಹಲ್ಲಿಲ್ಲದ ನುಣುಪು ಐಡ್ಲರಿನಲ್ಲಿ ಚೈನಿನ ಪಟ್ಟಿಗಳು ಎರಡು ಗೆರೆ ಕೊರೆಯುವುದು ಸಹಜ. ಗೆರೆ ಆಳವಾಗಿ ನಡುವಿನ ದಿಣ್ಣೆ ಚೈನಿನ ರೋಲರುಗಳಿಗೆ ತಾಗತೊಡಗಿದರೆ ಬದಲಿಸಿ.

ಹಲ್ಲು ಚೆನ್ನಾಗಿದ್ದು ಬೇರಿಂಗ್ ಮಾತ್ರ ಹೋಗಿದ್ದರೆ ಬೇರಿಂಗ್ ಬದಲಿಸಿದರೆ ಸಾಕು. ಅದರ ಮೇಲೆ ಕೊರೆದ ಸಂಖ್ಯೆ ಓದಿ. 608 ಎಂದಿದ್ದರೆ ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಸಂಖ್ಯೆಯ ನಂತರ 2ಆರ್‌ಎಸ್ ಎಂದಿರುವುದನ್ನೇ ಕೇಳಿ. ಅದರ ಎರಡೂ ಪಕ್ಕ ರಬ್ಬರ್ ಸೀಲ್ ಇರುತ್ತದೆ. ಝಡ್‌ಝಡ್ ಎಂದಿರುವುದಕ್ಕೆ ತಗಡಿನ ಮುಚ್ಚಳ. ಅದು ಧೂಳನ್ನು ಒಂದಿಷ್ಟು ತಡೆದೀತು, ನೀರನ್ನು ತಡೆಯದು.

ಪ್ರಶ್ನೆ: ಐಡ್ಲರ್ ಬಿಚ್ಚಿ ಕೂರಿಸುವ ಕ್ರಮ ತಿಳಿಸಿ. ಚೈನು ತುಂಡು ಮಾಡಲೇಬೇಕೇ?

ಉತ್ತರ: ಹೆಚ್ಚಿನ ಟ್ರೈಕುಗಳಲ್ಲಿ ಬೇಕಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿ, ಸೀಟು ತೆಗೆದಿಡಿ. ಹಿಂದೆ ಅತಿ ಚಿಕ್ಕ ಸ್ಪ್ರಾಕೆಟ್ಟಿಗೆ ತಂದು, ಮುಂದಿನ ಚೈನ್‌ರಿಂಗಿನಿಂದ ಚೈನು ಇಳಿಸಿ. ಹಳೆಯ ಸ್ಪೋಕ್ ಕಡ್ಡಿಯನ್ನು ಎರಡೂ ತುದಿಗೆ ಕೊಕ್ಕೆಯಂತೆ ಬಗ್ಗಿಸಿ, ಐಡ್ಲರಿನ ಎರಡೂ ಕಡೆಯ ಚೈನಿಗೆ ಸಿಕ್ಕಿಸಿದರೆ ಐಡ್ಲರಿನ ಬಳಿ ಚೈನು ಸಡಿಲವಾಗಿ ನಿಲ್ಲುತ್ತದೆ, ಎರಡೂ ಕೈ ಬಿಡುವಾಗುತ್ತವೆ.

ಬೋಲ್ಟು ಬಿಚ್ಚುವ ಮುನ್ನ ಎರಡೂ ಪಕ್ಕದಿಂದ ಫೋಟೋ ತೆಗೆದುಕೊಳ್ಳಿ. ಕಳಚಿದ ಪ್ರತಿ ವಾಷರ್, ಬುಷ್, ಗಾಲಿಯನ್ನು ಇದ್ದ ಸಾಲಿನಲ್ಲೇ ಒಂದು ತಂತಿಗೆ ಪೋಣಿಸಿ. ಈ ಕೆಲಸ ಕೆಡುವುದೇ ವಾಷರ್ ಅದಲುಬದಲಾಗಿ. ಬೋಲ್ಟು ಸಾಮಾನ್ಯವಾಗಿ 8 ಮಿ.ಮೀ.; ತಲೆಗೆ 6 ಮಿ.ಮೀ. ಅಲೆನ್ ಕೀ ಅಥವಾ 13ರ ಸ್ಪ್ಯಾನರ್ ಹಿಡಿಯುತ್ತದೆ. ಅಲ್ಯೂಮಿನಿಯಂನಲ್ಲಿ ಸ್ಟೀಲ್ ಬೋಲ್ಟು ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ, ಮರೆಯೇ (ಬೋಲ್ಟು ಕಚ್ಚುವ ಸುರುಳಿ ಗೆರೆ) ಕಿತ್ತು ಬಂದೀತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಆಮೇಲೆ ಒಂದಿಷ್ಟು ಬಿಚ್ಚಿ, ಒಂದಿಷ್ಟು ತಿರುಗಿ ಬಿಗಿದು, ಹಾಗೇ ಹೊರತನ್ನಿ.

ಹೊಸ ಬೇರಿಂಗ್ ಕೂರಿಸುವಾಗ ಒತ್ತಡ ಹೊರಬಳೆಯ ಮೇಲಷ್ಟೇ ಬೀಳಬೇಕು. ಒಳಬಳೆ ಒತ್ತಿದರೆ ಗುಂಡುಗಳು ಹಾದಿಯಲ್ಲಿ ಗುಳಿ ಮಾಡುತ್ತವೆ, ಹೊಚ್ಚ ಹೊಸದೇ ಗರಗರ ಎನ್ನುತ್ತದೆ. ಹೊರಬಳೆಯ ಅಳತೆಯ ಸಾಕೆಟ್ ಇಟ್ಟು, ಉದ್ದದ ಬೋಲ್ಟು, ಅಗಲ ವಾಷರ್, ನಟ್ಟಿನಿಂದ ಮೆಲ್ಲಗೆ ಬಿಗಿಯುತ್ತಾ ಒಳಗೆ ಎಳೆಯಿರಿ. ಸುತ್ತಿಗೆ ಬೇಡ. ಒಂದು ಬೇರಿಂಗ್ ಕೂತ ಮೇಲೆ ನಡುವಿನ ಬುಷ್ ಇಟ್ಟು, ಆಮೇಲೆ ಎರಡನೆಯದು. ಈ ಬುಷ್ ಮರೆತವರು ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.

ಮರೆಗಳಿಗೆ ನೀಲಿ ಬಣ್ಣದ, ಮಧ್ಯಮ ಬಲದ ಥ್ರೆಡ್‌ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಅದು ಬೇರಿಂಗಿಗೆ ಹರಿಯಬಾರದು. ಬಿಗಿತ ತಯಾರಕರು ಹೇಳಿದಷ್ಟೇ ಇರಲಿ. ಚೈನು ಹಾರದಂತೆ ತಡೆಯುವ ಕಂಬಿ ಇದ್ದರೆ ಚೈನಿನಿಂದ ಅದಕ್ಕೆ 2–3 ಮಿ.ಮೀ. ಅಂತರ ಬಿಡಿ. ಎಲ್ಲ ಗೇರುಗಳಲ್ಲೂ ಹಿಂದಿನ ಗಾಲಿ ಎತ್ತಿ ತಿರುಗಿಸಿ ನೋಡಿ. ಹಲ್ಲು ಹೆಚ್ಚಿರುವ ಐಡ್ಲರ್ ಹಾಕಿದ್ದರೆ ಮುಂದೆ ದೊಡ್ಡದು ಹಿಂದೆ ದೊಡ್ಡದರಲ್ಲಿ ಚೈನಿನ ಉದ್ದ ಸಾಲುತ್ತದೆಯೇ ನೋಡಲೇಬೇಕು. ಚೈನ್ ಕೊಳವೆಯ (ಚೈನು ಹಾಯುವ ರಕ್ಷಣೆಯ ಕೊಳವೆ) ಬಾಯಿ ಐಡ್ಲರಿಗೆ ತಾಗದಿರಲಿ.

ಪ್ರಶ್ನೆ: ಹೊಸ ಐಡ್ಲರ್ ಹಾಕಿದೆ. ಬೋಲ್ಟು ಸಡಿಲವಿದ್ದಾಗ ಚೆನ್ನಾಗಿ ತಿರುಗುತ್ತದೆ, ಬಿಗಿದರೆ ನಿಲ್ಲುತ್ತದೆ. ಬೋಲ್ಟು ಸಡಿಲವೇ ಬಿಡಲೇ?

ಉತ್ತರ: ಖಂಡಿತ ಬೇಡ, ಬೋಲ್ಟು ಕಳಚಿ ಚೈನು ಸಿಕ್ಕಿಕೊಂಡೀತು. ಜೋಡಣೆ ಸರಿಯಿದ್ದರೆ ಎಷ್ಟೇ ಬಿಗಿದರೂ ಗಾಲಿ ತಿರುಗಬೇಕು, ಏಕೆಂದರೆ ಬೋಲ್ಟು ಹಿಡಿಯುವುದು ವಾಷರ್, ಒಳಬಳೆ, ಬುಷ್‌ಗಳ ಸಾಲನ್ನು ಮಾತ್ರ. ನಡುವಿನ ಬುಷ್ ಇಲ್ಲದಿದ್ದರೆ, ಅಥವಾ ಕೂದಲೆಳೆಯಷ್ಟು ಗಿಡ್ಡವಿದ್ದರೂ, ಎರಡು ಒಳಬಳೆಗಳು ಒಂದರತ್ತ ಒಂದು ಸರಿದು ಗುಂಡುಗಳನ್ನು ಪಕ್ಕದಿಂದ ಅದುಮುತ್ತವೆ.

ಬುಷ್ ಸರಿಯಿದ್ದರೆ ವಾಷರ್ ನೋಡಿ. ಸಾಮಾನ್ಯ 8 ಮಿ.ಮೀ. ಬೋಲ್ಟಿನ ವಾಷರ್ 16 ಮಿ.ಮೀ. ಅಗಲವಿರುತ್ತದೆ. 608 ಬೇರಿಂಗಿನ ಒಳಬಳೆ ಸುಮಾರು 12 ಮಿ.ಮೀ. ಮಾತ್ರ. ಅಗಲದ ವಾಷರ್ ಸೀಲಿಗೆ ಉಜ್ಜುತ್ತದೆ. ಒಳಬಳೆಗಷ್ಟೇ ತಾಗುವ ಚಿಕ್ಕ ವಾಷರ್ ಹಾಕಿ.

ಒಂದೇ ಬೋಲ್ಟಿನ ಮೇಲೆ ಎರಡು ಐಡ್ಲರ್ ಇರುವ ಮಾದರಿಯಾದರೆ ಮತ್ತೊಂದು ಕಾರಣವಿದೆ: ಒಂದು ಬದಿಯ ಚೈನು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಓಡುವುದರಿಂದ ಎರಡು ಗಾಲಿಗಳೂ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ನಡುವಿನ ತೆಳು ವಾಷರ್ ಬಿಟ್ಟುಹೋಗಿದ್ದರೆ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ.

ಪ್ರಶ್ನೆ: ಹಿಂದಿನ ಡಿರೇಲರಿನ ಪುಟ್ಟ ಹಲ್ಲುಗಾಲಿ ಐಡ್ಲರಾಗಿ ನಡೆಯುತ್ತದೆಯೇ?

ಉತ್ತರ: ಹಿಂದಿರುಗುವ ಬದಿಗೆ ನಡೆದೀತು. ಎಳೆತದ ಬದಿಗೆ ಬೇಡ, ಆ ಭಾರಕ್ಕೆ ಅದನ್ನು ಮಾಡಿಲ್ಲ. ಮಕ್ಕಳ ಸೈಕಲ್ಲಿನ, ಒಂದೇ ಗೇರಿನ ದಪ್ಪ ಹಲ್ಲಿನ ಸ್ಪ್ರಾಕೆಟ್ಟೂ ಒಗ್ಗದು. ಅದು 1/8 ಇಂಚು ಚೈನಿಗೆ ಮಾಡಿದ್ದು, ಗೇರ್ ಸೈಕಲ್ಲಿನ 3/32 ಇಂಚು ಚೈನು ಅದರ ಹಲ್ಲಿನ ಮೇಲೆ ಕೂರುವುದೇ ಇಲ್ಲ.

ಪ್ರಶ್ನೆ: ಐಡ್ಲರಿನ ಜೊತೆ ಚೈನನ್ನೂ ಬದಲಿಸಬೇಕೇ?

ಉತ್ತರ: ಅಳೆದು ನೋಡಿ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಅದೇ 24 ಕೊಂಡಿ 1/16 ಇಂಚು ಹೆಚ್ಚು ತೋರಿದರೆ ಬದಲಿಸುವ ಹೊತ್ತು. 1/8 ಇಂಚು ಹೆಚ್ಚಾದರೆ ಸ್ಪ್ರಾಕೆಟ್ಟುಗಳೂ ಹೋಗಿರಬಹುದು. ಟ್ರೈಕಿನ ಚೈನು ಎರಡೂವರೆ, ಮೂರು ಸೈಕಲ್ ಚೈನುಗಳನ್ನು ಸೇರಿಸಿದಷ್ಟು ಉದ್ದವಿರುವುದರಿಂದ ನಿಧಾನವಾಗಿ ಸವೆಯುತ್ತದೆ. ಮೂರು ಕಡೆ ಅಳೆಯಿರಿ. ಸವೆದ ತುಂಡನ್ನಷ್ಟೇ ತೆಗೆದು ಹೊಸದನ್ನು ಸೇರಿಸಿದರೆ ಎರಡು ಅಳತೆಯ ಕೊಂಡಿಗಳು ಒಂದೇ ಹಲ್ಲಿನ ಮೇಲೆ ಹಾಯುತ್ತವೆ. ಸದ್ದು ಮರಳಿ ಬರುತ್ತದೆ, ಹೊಸ ಹಲ್ಲೂ ಬೇಗ ಸವೆಯುತ್ತದೆ.