ನಿಮ್ಮ ಅದಿರು ಗಾಡಿ ಇಳಿಯಬೇಕಿತ್ತು, ಹತ್ತಿಸಿದ್ದೀರಿ

ನಮಸ್ಕಾರ.

ನಿಮ್ಮ ‘ಕಪ್ಪು ಕುದುರೆಯ ಕೊನೆಯ ಓಟ’ ಕಥೆಯನ್ನು ಎರಡು ಸಲ ಓದಿದೆ. ಮೊದಲು ರಾತ್ರಿ ಊಟ ಆದ ಮೇಲೆ, ಆಮೇಲೆ ಬೆಳಿಗ್ಗೆ ಪೆನ್ಸಿಲ್ ಹಿಡಿದು. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಿ ಕೈ ತೊಳೆದುಕೊಳ್ಳಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಬರೆದದ್ದು ಇಷ್ಟು. 1958ರ ಮಳೆಗಾಲದ ಒಂದು ರಾತ್ರಿ. ಹೊಸಪೇಟೆಯ ಅದಿರು ತುಂಬಿದ ಗೂಡ್ಸ್ ಗಾಡಿ ಮರ್ಮಗೋವಾ ಬಂದರಿಗೆ ಹೊರಟಿದೆ. ಕ್ಯಾಸಲ್‌ರಾಕ್ ದಾಟಿದ ಮೇಲೆ ಉಗಿ ಇಂಜಿನ್ ಏದುಸಿರು ಬಿಡುತ್ತಾ ಘಾಟಿ ಹತ್ತುತ್ತದೆ. ನಡುದಾರಿಯಲ್ಲಿ ಬ್ರೇಕ್ ಪೈಪ್ ತುಂಡಾಗಿ ಗಾಡಿ ಹಿಂದಕ್ಕೆ ಜಾರುತ್ತದೆ. ಡ್ರೈವರ್ ಗಾಡಿ ಉಳಿಸಿ ಪ್ರಾಣ ಬಿಡುತ್ತಾನೆ. ಅವತ್ತು ಇಂಜಿನ್ ಮೇಲೆ ಎರಡನೇ ಫೈರ್‌ಮನ್, ಅಂದರೆ ಇಂಜಿನ್‌ನ ಬೆಂಕಿ ನೋಡಿಕೊಳ್ಳುವವರಲ್ಲಿ ಎರಡನೆಯವರು, ಆಗಿದ್ದವರು ನಿಮ್ಮ ಅಜ್ಜ. ಅವರು ಹೇಳುತ್ತಿದ್ದ ಮಾತುಗಳ ಮೇಲೆ ಕಥೆ ಕಟ್ಟಿದೆ ಅಂತ ಜೊತೆಗಿನ ಪತ್ರದಲ್ಲಿ ತಿಳಿಸಿದ್ದೀರಿ.

ದೊಡ್ಡ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಹೊಸಪೇಟೆಯಿಂದ ಮರ್ಮಗೋವಾಕ್ಕೆ ಹೋಗುವ ಗಾಡಿ ಆ ಘಾಟಿಯನ್ನು ಹತ್ತುವುದಿಲ್ಲ, ಇಳಿಯುತ್ತದೆ. ಕ್ಯಾಸಲ್‌ರಾಕ್ ಸಹ್ಯಾದ್ರಿಯ ನೆತ್ತಿಯ ಮೇಲಿದೆ. ಅಲ್ಲಿಂದ ಕೆಳಗೆ ಗೋವಾದ ಕುಲೆಮ್‌ವರೆಗೆ ಸುಮಾರು 26 ಕಿಲೋಮೀಟರ್ ದಾರಿ ಕಡಿದಾಗಿ ಇಳಿಯುತ್ತದೆ. ಅದಕ್ಕೆ ಬ್ರಗಾಂಜಾ ಘಾಟಿ ಅಂತ ಹೆಸರು. ಇಳಿಜಾರು 37ಕ್ಕೆ 1. ಅಂದರೆ ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ. ರಸ್ತೆಯಲ್ಲಿ ಇದು ಏನೂ ಅಲ್ಲ, ಸೈಕಲ್‌ನಲ್ಲೂ ಹೋಗಬಹುದು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವಾಗ ಇದು ಭಯಂಕರ ಇಳಿಜಾರು. ಲೆಕ್ಕ ಹಾಕಿ ನೋಡಿ. 370 ಟನ್ ತೂಕದ ಗಾಡಿಯನ್ನು ಹತ್ತು ಟನ್‌ನಷ್ಟು ಬಲ ಸದಾ ಕೆಳಕ್ಕೆ ಎಳೆಯುತ್ತಿರುತ್ತದೆ. ಇಂಜಿನ್ ಎಳೆಯಬೇಕಾಗಿಲ್ಲ, ಭೂಮಿಯೇ ಎಳೆಯುತ್ತದೆ. ಡ್ರೈವರ್‌ನ ಕೆಲಸವೆಲ್ಲ ಹಿಡಿದು ನಿಲ್ಲಿಸುವುದು.

ಹಾಗಾಗಿ ನೀವು ಬರೆದ ‘ಛುಕ್ ಛುಕ್’ ಸದ್ದು, ಏದುಸಿರು, ಚಿಮಣಿಯಿಂದ ಹಾರುವ ಕಿಡಿ, ಇದೊಂದೂ ಆ ರಾತ್ರಿ ಇರುವುದಿಲ್ಲ. ಇಳಿಯುವ ಗಾಡಿಯಲ್ಲಿ ಉಗಿ ಬಿಡುವ ರೆಗ್ಯುಲೇಟರ್ ಮುಚ್ಚಿರುತ್ತದೆ. ಚಿಮಣಿ ಹೆಚ್ಚುಕಡಿಮೆ ಮೌನ. ಕೇಳುವುದು ಬ್ರೇಕ್ ಬ್ಲಾಕ್‌ಗಳು ಗಾಲಿಗೆ ಉಜ್ಜುವ ಕಿರುಗುಟ್ಟುವಿಕೆ, ಕಾದ ಕಬ್ಬಿಣದ ವಾಸನೆ, ಮಳೆ. ಗಲಾಟೆಯಿಲ್ಲದ ಆ ಇಳಿತ ಎಷ್ಟು ಹೆದರಿಕೆ ಹುಟ್ಟಿಸುತ್ತದೆ ಅಂತ ಯೋಚಿಸಿ. ನಿಮ್ಮ ಕೈಯಲ್ಲಿ ಇಂಥ ಸನ್ನಿವೇಶ ಇತ್ತು, ಅದನ್ನು ಬಿಟ್ಟು ಸಿನಿಮಾ ರೈಲು ಓಡಿಸಿದ್ದೀರಿ.

ಇನ್ನು ಬ್ರೇಕ್ ಪೈಪ್. ಆ ಕಾಲದ ನಮ್ಮ ರೈಲುಗಳಲ್ಲಿ ಇದ್ದದ್ದು ವ್ಯಾಕ್ಯೂಮ್ ಬ್ರೇಕ್. ಇಂಜಿನ್‌ನ ಎಜೆಕ್ಟರ್ ಉಗಿಯ ಬಲದಿಂದ ಪೈಪಿನೊಳಗಿನ ಗಾಳಿಯನ್ನು ಹೀರಿ ಹೊರಗೆ ಹಾಕುತ್ತದೆ. ಪೈಪ್ ಖಾಲಿ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ. ಗಾಳಿ ಒಳಗೆ ನುಗ್ಗಿದರೆ ಬ್ರೇಕ್ ಹಿಡಿಯುತ್ತದೆ. ಅಂದಮೇಲೆ ಪೈಪ್ ತುಂಡಾದರೆ ಏನಾಗುತ್ತದೆ? ಗಾಳಿ ನುಗ್ಗಿ ಗಾಡಿ ತಾನಾಗಿಯೇ ನಿಂತುಬಿಡುತ್ತದೆ. ನಿಮ್ಮ ಕಥೆಯ ದುರಂತ ಅಲ್ಲಿಗೇ ಮುಗಿಯಿತು, ಅಲ್ವಾ?

ಹಾಗಂತ ಘಾಟಿಯಲ್ಲಿ ಅಪಾಯ ಇರಲಿಲ್ಲ ಅಂತಲ್ಲ. ಅಪಾಯ ಬರುವ ದಾರಿ ಬೇರೆ. ಒದ್ದೆ ಹಳಿಯ ಮೇಲೆ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಗಾಲಿ ಸುತ್ತುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಆಗ ಒಂದು ಕ್ಷಣ ಬ್ರೇಕ್ ಸಡಿಲಿಸಿ ಗಾಲಿ ಮತ್ತೆ ತಿರುಗುವ ಹಾಗೆ ಮಾಡಬೇಕು. ಗಾಡಿ ಜಾರುತ್ತಿರುವಾಗ ಬ್ರೇಕ್ ಬಿಡುವುದಕ್ಕೆ ಎಷ್ಟು ಗುಂಡಿಗೆ ಬೇಕು ನೋಡಿ. ಪದೇ ಪದೇ ಹಾಕಿ ಬಿಟ್ಟರೆ ಪೈಪ್ ಮತ್ತೆ ಖಾಲಿಯಾಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ವೇಗ ಏರಿರುತ್ತದೆ. ಜಾಸ್ತಿ ಹೊತ್ತು ನಿಂತ ಗಾಡಿಯಲ್ಲಿ ಬ್ರೇಕ್‌ನ ಹಿಡಿತ ಮೆಲ್ಲಗೆ ಸೋರಿಹೋಗುತ್ತದೆ. ಅದಕ್ಕೇ ಘಾಟಿಗೆ ಬೀಳುವ ಮೊದಲು ಗಾಡಿ ನಿಲ್ಲಿಸಿ ವ್ಯಾಗನ್‌ಗಳ ಕೈಬ್ರೇಕ್ ಬಿಗಿಯುತ್ತಿದ್ದರು. ಇಂಥ ಘಾಟಿಗಳಲ್ಲಿ ಕ್ಯಾಚ್ ಸೈಡಿಂಗ್ ಅಂತ ಇರುತ್ತದೆ. ಹಿಡಿತ ತಪ್ಪಿ ಬಂದ ಗಾಡಿಯನ್ನು ಏರುದಾರಿಗೆ ತಿರುಗಿಸಿ, ಅಲ್ಲೇ ಸುಸ್ತಾಗಿ ನಿಲ್ಲುವ ಹಾಗೆ ಮಾಡುವ ಹಳಿ ಅದು. ಹಳಿ ಕವಲೊಡೆಯುವ ಪಾಯಿಂಟ್ ಸದಾ ಆ ಕಡೆಗೇ ಇರುತ್ತದೆ. ಡ್ರೈವರ್ ಗಾಡಿ ನಿಲ್ಲಿಸಿ, ಹಿಡಿತದಲ್ಲಿದೆ ಅಂತ ತೋರಿಸಿದ ಮೇಲೆಯೇ ಮುಖ್ಯ ದಾರಿ ಸಿಗುತ್ತದೆ. ನಿಮ್ಮ ಕಥೆಯ ಉಸಿರುಗಟ್ಟುವ ಘಳಿಗೆ ಇಲ್ಲೇ ಇದೆ. ಸತ್ತುಹೋಗುವ ನಾಯಕ ಬೇಕಾಗಿಯೇ ಇಲ್ಲ.

ಈಗ ನಿಮ್ಮ ಅಜ್ಜನ ವಿಷಯಕ್ಕೆ ಬರುತ್ತೇನೆ. ಕಥೆಯಲ್ಲಿ ಅವರನ್ನು ನೀವು ಮೂಲೆಗೆ ಕೂರಿಸಿದ್ದೀರಿ. ನಾಲ್ಕನೇ ಪುಟದಲ್ಲಿ ‘ಫೈರ್‌ಮನ್‌ಗಳು ಬೆಂಕಿ ತಣ್ಣಗಾಗಲು ಬಿಟ್ಟು ತೂಕಡಿಸುತ್ತಿದ್ದರು’ ಅಂತ ಒಂದು ವಾಕ್ಯ ಇದೆ. ಈ ವಾಕ್ಯ ಓದಿ ನನಗೆ ಬೇಜಾರಾಯಿತು. ಹತ್ತುವಾಗಂತೂ ಇದು ಆಗದ ಮಾತು. ಇಳಿಯುವಾಗ ಉಗಿ ಬೇಡ ಅಂತ ಅನ್ನಿಸಬಹುದು. ಆದರೆ ಬ್ರೇಕ್ ಬಿಡಿಸುವ ಎಜೆಕ್ಟರ್‌ಗೇ ಉಗಿ ಬೇಕಲ್ಲ. ಅದಕ್ಕಿಂತ ದೊಡ್ಡದು ನೀರಿನ ಮಾತು.

ಬಾಯ್ಲರ್ ಉದ್ದಕ್ಕೆ ಮಲಗಿಸಿದ ಪೀಪಾಯಿಯ ಹಾಗೆ. ಬೆಂಕಿಯ ಗೂಡು ಅದರ ಹಿಂದಿನ ತುದಿಯಲ್ಲಿ, ಡ್ರೈವರ್ ನಿಲ್ಲುವ ಕಡೆ. ಗೂಡಿನ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ಇಂಜಿನ್ ಮೂತಿ ಕೆಳಗೆ ಮಾಡಿದ ಕ್ಷಣ ನೀರೆಲ್ಲ ಮುಂದಕ್ಕೆ ಸರಿಯುತ್ತದೆ. ಒಲೆಯ ಮೇಲಿನ ಪಾತ್ರೆಯನ್ನು ಓರೆ ಮಾಡಿದ ಹಾಗೆ. ಹಿಂದಿನ ಗಾಜಿನ ಕೊಳವೆಯಲ್ಲಿ ಮಟ್ಟ ಎರಡು ಮೂರು ಬೆರಳಿನಷ್ಟು ಇಳಿದುಬಿಡುತ್ತದೆ. ನೆತ್ತಿ ಬರಿದಾದರೆ ಅಲ್ಲಿ ಕೂರಿಸಿರುವ ಪ್ಲಗ್‌ನ ಸೀಸ ಕರಗಿ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಆ ಎಚ್ಚರಿಕೆಯನ್ನೂ ಮೀರಿದರೆ ನೆತ್ತಿಯ ತಗಡು ಕುಸಿಯುತ್ತದೆ. ಆಮೇಲೆ ಅಲ್ಲಿದ್ದವರು ಬದುಕುವುದಿಲ್ಲ.

ಹಾಗಾಗಿ ಕ್ಯಾಸಲ್‌ರಾಕ್ ಬಿಡುವ ಮೊದಲೇ ಇಂಜೆಕ್ಟರ್ ಹಾಕಿ ನೀರು ತುಂಬಿಕೊಳ್ಳಬೇಕು. ತಣ್ಣೀರು ಒಳಗೆ ಹೋದಷ್ಟೂ ಉಗಿಯ ಒತ್ತಡ ಇಳಿಯುತ್ತದೆ. ಒತ್ತಡ ಉಳಿಸಲು ಬೆಂಕಿ ಬೇಕು. ಬೆಂಕಿ ಜಾಸ್ತಿಯಾದರೆ ಸೇಫ್ಟಿ ವಾಲ್ವ್ ಎದ್ದು ಉಗಿ ದಂಡ. ಈ ಮೂರನ್ನೂ ತೂಗಿಸುತ್ತಾ, ಲಾಂದ್ರದ ಬೆಳಕಲ್ಲಿ, ನಡುಗುವ ಗಾಜಿನ ಕೊಳವೆ ನೋಡುತ್ತಾ ನಿಂತವರು ತೂಕಡಿಸಿರುತ್ತಾರಾ? ಎರಡನೇ ಫೈರ್‌ಮನ್ ಇಂಜಿನ್ ಹಿಂದಿನ ಕಲ್ಲಿದ್ದಲ ಬಂಡಿಯಾದ ಟೆಂಡರ್‌ನಲ್ಲಿ ದೊಡ್ಡ ಕಲ್ಲಿದ್ದಲು ಒಡೆದು ಮುಂದಕ್ಕೆ ತಳ್ಳುವವನು. ಇಂಜಿನ್ ಮೇಲಿನ ಮೂವರಲ್ಲಿ ಎಲ್ಲರಿಗಿಂತ ಚಿಕ್ಕವನು. ಅವನ ಕಣ್ಣಿಂದಲೇ ಕಥೆ ಹೇಳಿ. ‘ಗ್ಲಾಸಿನ್ಯಾಗ ನೀರ ಕಾಣವಲ್ದು ಮಾಮಾ’ ಅಂತ ಅವನು ಹೇಳುವ ಒಂದು ಮಾತು ನಿಮ್ಮ ಡ್ರೈವರ್‌ನ ಇಡೀ ಪುಟದ ಭಾಷಣಕ್ಕಿಂತ ತೂಕದ್ದು. ಹುಬ್ಬಳ್ಳಿಯ ಇಂಜಿನ್ ಶೆಡ್‌ನವರು ನಿಮ್ಮ ಕಥೆಯಲ್ಲಿ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಾರೆ. ನಿಮ್ಮ ಅಜ್ಜ ಮನೆಯಲ್ಲಿ ಹಾಗೆ ಮಾತಾಡುತ್ತಿದ್ದರಾ?

ಇಸವಿಯೂ ಹೊಂದುವುದಿಲ್ಲ. ಗೋವಾ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಮರ್ಮಗೋವಾದ ರೈಲುದಾರಿಗೆ ಬುನಾದಿಯೇ ಬ್ರಿಟಿಷರು ಮತ್ತು ಪೋರ್ಚುಗೀಸರು 1878ರಲ್ಲಿ ಮಾಡಿಕೊಂಡ ಒಪ್ಪಂದ. ಕ್ಯಾಸಲ್‌ರಾಕ್ ಗಡಿ ಸ್ಟೇಷನ್, ಅಲ್ಲಿ ಸುಂಕದ ತಪಾಸಣೆ ನಡೆಯುತ್ತಿತ್ತು. 1955ರಲ್ಲಿ ಭಾರತ ಗೋವಾಕ್ಕೆ ದಿಗ್ಬಂಧನ ಹಾಕಿದಾಗ ಈ ರೈಲು ಸಂಪರ್ಕ ಕಡಿದುಹೋಯಿತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ ಆದ ಮೇಲೆಯೇ ಮತ್ತೆ ಗಾಡಿ ಓಡಿದ್ದು. ನಿಮ್ಮ 1958ರ ಗಾಡಿ ಕ್ಯಾಸಲ್‌ರಾಕ್‌ನಲ್ಲೇ ನಿಂತುಬಿಡುತ್ತದೆ. ಕಥೆಯನ್ನು ವಿಮೋಚನೆಯ ಈಚೆಗೆ ತನ್ನಿ. ಆರೇಳು ವರ್ಷ ಗಾಡಿ ಕಾಣದ ಹಳಿಯ ಮೇಲೆ ಮತ್ತೆ ಅದಿರು ಇಳಿಸಲು ಹೊರಟವರ ಮನಸ್ಸಿನಲ್ಲಿ ಏನಿದ್ದಿರಬಹುದು ಅಂತಲೂ ಸ್ವಲ್ಪ ಯೋಚಿಸಿ.

ಇನ್ನೊಂದು ಚಿಕ್ಕ ತಪ್ಪು. ನಿಮ್ಮ ಗೂಡ್ಸ್ ಗಾಡಿಗೆ ವೈಪಿ ಇಂಜಿನ್ ಕಟ್ಟಿದ್ದೀರಿ. ವೈಪಿ ಪ್ಯಾಸೆಂಜರ್ ಗಾಡಿಗೆಂದು ಮಾಡಿದ್ದು, ಎಳೆಯುವ ಗಾಲಿ ಆರು, ದೊಡ್ಡವು. ಗೂಡ್ಸ್‌ಗೆ ವೈಜಿ, ಎಳೆಯುವ ಗಾಲಿ ಎಂಟು, ಒಂದೊಂದೂ 48 ಇಂಚು. ಚಿಕ್ಕ ಗಾಲಿಗೆ ವೇಗ ಕಡಿಮೆ, ಎಳೆತ ಜಾಸ್ತಿ. ಒಂದಕ್ಷರ ತಿದ್ದಿದರೆ ಸಾಕು.

‘ಕಪ್ಪು ಕುದುರೆ’, ‘ಉಕ್ಕಿನ ಅಶ್ವ’, ‘ಧೂಮಶಕಟ’, ‘ಹಸಿದ ರಾಕ್ಷಸ’. ಎರಡೇ ಪುಟದಲ್ಲಿ ಹನ್ನೊಂದು ಕಡೆ ಇವೆ, ಗೆರೆ ಹಾಕಿದ್ದೇನೆ. ಎಲ್ಲ ತೆಗೆಯಿರಿ, ಶೀರ್ಷಿಕೆಯಿಂದಲೂ. ಕುದುರೆಯ ಹೋಲಿಕೆ ಇಂಗ್ಲಿಷಿನಿಂದ ಬಂದದ್ದು. ನಮ್ಮವರು ಉಗಿಬಂಡಿ ಅಂದರು, ಹೊಗೆಬಂಡಿ ಅಂದರು, ಅದರ ಮೇಲೆ ದುಡಿದವರು ಬರೀ ಇಂಜಿನ್ ಅಂದರು. ನಿಮ್ಮ ಅಜ್ಜನ ಉಗುರಿನ ಸಂದಿಯ ಮಸಿಗೆ ಯಾವ ರಾಕ್ಷಸನೂ ಬೇಕಾಗಿಲ್ಲ.

ಒಂದು ವಾಕ್ಯದಲ್ಲಿ ನೀವು ಓಡಿಸಿಬಿಟ್ಟ ಜಾಗ ಇನ್ನೊಂದಿದೆ: ‘ಲೋಂಡಾದಲ್ಲಿ ಮೂರು ಗಂಟೆ ಕಾದು ಗಾಡಿ ಹೊರಟಿತು.’ ಗೂಡ್ಸ್ ಗಾಡಿಯ ಬದುಕು ಅಂದರೆ ಆ ಮೂರು ಗಂಟೆಯೇ. ನನ್ನ ಸೋದರಮಾವ ಮೀಟರ್ ಗೇಜ್‌ನಲ್ಲಿ ಗೂಡ್ಸ್ ಗಾರ್ಡ್ ಆಗಿದ್ದರು. ಚಿಕ್ಕವನಿದ್ದಾಗ ಒಮ್ಮೆ ಅವರ ಊಟದ ಡಬ್ಬಿ ಕೊಡಲು ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ಬದಿಯ ಲೂಪ್ ಲೈನಿನಲ್ಲಿ ನಿಂತಿತ್ತು. ಮೇಲ್ ಗಾಡಿ ಹೋಗಬೇಕು, ಆಮೇಲೆ ಪ್ಯಾಸೆಂಜರ್, ಆಮೇಲೆ ಇವರು. ಮಾವ ಗಾಡಿಯ ಕೊನೆಯ ಬ್ರೇಕ್ ವ್ಯಾನಿನ ಮರದ ಬೆಂಚಿನ ಮೇಲೆ ಜರ್ನಲ್ ಬರೆಯುತ್ತಿದ್ದರು, ಪೆನ್ಸಿಲಿನಲ್ಲಿ. ನಾನು ಡಬ್ಬಿ ಬಿಚ್ಚುವಷ್ಟರಲ್ಲಿ ಅವರು ಮೂಗು ಅರಳಿಸಿ ಎದ್ದು ಕೆಳಗಿಳಿದರು. ವ್ಯಾಗನ್‌ಗಳ ಪಕ್ಕದಲ್ಲೇ ನಡೆದು, ಗಾಲಿಯ ಅಚ್ಚಿನ ತುದಿ ಕೂರುವ ಒಂದೊಂದು ಆ್ಯಕ್ಸಲ್ ಬಾಕ್ಸ್‌ಗೂ ಅಂಗೈಯ ಹಿಂಬದಿ ತಾಗಿಸುತ್ತಾ ಹೋದರು. ಆರನೆಯದೋ ಏಳನೆಯದೋ ಬಾಕ್ಸ್ ಕಾದಿತ್ತು. ಬಾಣಲೆಯಲ್ಲಿ ಎಣ್ಣೆ ಸೀದ ಹಾಗೆ ವಾಸನೆ. ಒಳಗೆ ತುಂಬಿದ ಎಣ್ಣೆ ದಾರ ಒಣಗಿ ಹೊತ್ತಿಕೊಳ್ಳುವುದರಲ್ಲಿತ್ತು. ಆ ವ್ಯಾಗನ್ ಬಿಚ್ಚಿ ಬದಿಗೆ ಸರಿಸುವಷ್ಟರಲ್ಲಿ ಮೇಲ್ ಹೋಗಿತ್ತು, ಪ್ಯಾಸೆಂಜರ್ ಹೋಗಿತ್ತು. ಮಾವನ ಡಬ್ಬಿ ಹಾಗೇ ಇತ್ತು. ಆಮೇಲೆ ಇಂಜಿನ್ ಎಳೆದಾಗ ಕೊಂಡಿಗಳು ಒಂದಾದ ಮೇಲೊಂದು ಬಿಗಿದುಕೊಳ್ಳುತ್ತಾ ಆ ಸದ್ದು ಮುಂದಿನಿಂದ ನಮ್ಮ ಕಡೆಗೆ ಓಡಿ ಬಂತು. ಮಾವ ಅಷ್ಟರಲ್ಲೇ ಕಂಬಿ ಹಿಡಿದು ನಿಂತಿದ್ದರು. ಕೊನೆಗೆ ಜಗ್ಗುವುದು ಬ್ರೇಕ್ ವ್ಯಾನ್, ಜೋರಾಗಿ ಜಗ್ಗುವುದೂ ಅದೇ.

ನಿಮ್ಮ ಕಥೆಯಲ್ಲಿ ಗಾರ್ಡ್ ಇಲ್ಲವೇ ಇಲ್ಲ ಅಂತ ಆಗಲೇ ಗಮನಕ್ಕೆ ಬಂತು. ಘಾಟಿ ಇಳಿಯುವಾಗ ಗಾಡಿಯ ಬಾಲದಲ್ಲಿ ಒಬ್ಬನೇ, ಕತ್ತಲಲ್ಲಿ, ಕೈಬ್ರೇಕ್ ಚಕ್ರ ಹಿಡಿದು ನಿಂತಿರುವ ಮನುಷ್ಯ ಅವನು. ಮುಂದಿನವರಿಗೆ ಇವನು ಕಾಣುವುದಿಲ್ಲ, ಇವನಿಗೆ ಅವರು ಕಾಣುವುದಿಲ್ಲ. ಸೀಟಿ ಒಂದೇ ಮಾತು.

ಸುರಂಗದ ಹೊಗೆಯನ್ನು ನೀವು ಚೆನ್ನಾಗಿ ಬರೆದಿದ್ದೀರಿ. ಒದ್ದೆ ಟವೆಲ್ ಮೂಗಿಗೆ ಕಟ್ಟಿಕೊಂಡು ಬೆಂಕಿಯ ಗೂಡಿನ ಮುಂದೆ ಬಗ್ಗಿ ನಿಲ್ಲುವ ಆ ಪ್ಯಾರಾದಲ್ಲಿ ಒಂದಕ್ಷರವೂ ತಿದ್ದಬೇಡಿ. ಜಾಗ ಮಾತ್ರ ಬದಲಿಸಿ. ಅದು ವಾಪಸ್ ಬರುವಾಗಿನ ಕಥೆ. ಖಾಲಿ ವ್ಯಾಗನ್‌ಗಳನ್ನು ಎಳೆದುಕೊಂಡು ಕುಲೆಮ್‌ನಿಂದ ಮೇಲೆ ಹತ್ತುವಾಗ, ಹಿಂದಿನಿಂದ ಇನ್ನೊಂದು ಇಂಜಿನ್ ತಳ್ಳುತ್ತಿರುವಾಗ, ಸುರಂಗದ ತುಂಬ ಹೊಗೆ. ಮುಂದಿನ ಇಂಜಿನ್ ಬಿಟ್ಟ ಹೊಗೆಯೊಳಗೇ ಹಿಂದಿನವರು ಹೋಗಬೇಕು. ಇಳಿಯುವಾಗ ಮೌನ, ಹತ್ತುವಾಗ ಹೊಗೆ. ಎರಡನ್ನೂ ಒಂದೇ ಕಥೆಯಲ್ಲಿ ತಂದರೆ ನಿಮ್ಮ ಏದುಸಿರಿಗೂ ಜಾಗ ಸಿಗುತ್ತದೆ.

ಏಳನೇ ಪುಟದ ಕೊನೆಯಲ್ಲಿ ನೀವು ಬರೆದಿದ್ದೀರಿ: ‘ನಿವೃತ್ತಿಯಾದ ಮೇಲೂ ಅಜ್ಜ ರೊಟ್ಟಿಯನ್ನು ನಿಂತೇ ತಿನ್ನುತ್ತಿದ್ದ. ಕೂತುಕೋ ಅಂದರೆ, ಎರಡು ನಿಮಿಷ ಅಷ್ಟೇ ಅನ್ನುತ್ತಿದ್ದ.’ ಇದನ್ನು ಓದಿದ ಮೇಲೆಯೇ ನಿಮಗೆ ಪತ್ರ ಬರೆಯಬೇಕು ಅನ್ನಿಸಿದ್ದು. ಉಳಿದ ಹದಿನಾಲ್ಕು ಪುಟವನ್ನು ಈ ಎರಡು ವಾಕ್ಯದ ಪಕ್ಕದಲ್ಲಿಟ್ಟು ನೋಡಿ. ಯಾವುದು ನಿಮ್ಮದು, ಯಾವುದು ಎಲ್ಲಿಂದಲೋ ಬಂದದ್ದು ಅಂತ ನಿಮಗೇ ಗೊತ್ತಾಗುತ್ತದೆ.

ತಿದ್ದುವ ಮೊದಲು ಎರಡು ಕೆಲಸ ಮಾಡಿ. ಹುಬ್ಬಳ್ಳಿಯಿಂದ ಗೋವಾ ಕಡೆ ಹೋಗುವ ಗಾಡಿಯಲ್ಲಿ ಹಗಲು ಹೊತ್ತು ಕೂತು ಕ್ಯಾಸಲ್‌ರಾಕ್‌ನಿಂದ ಕುಲೆಮ್‌ವರೆಗೆ ಹೋಗಿ ಬನ್ನಿ. ಈಗ ಅದು ಬ್ರಾಡ್ ಗೇಜ್, ಆದರೆ ಘಾಟಿ ಅದೇ ಘಾಟಿ. ದೂಧಸಾಗರದ ಕಡೆ ಎಲ್ಲರೂ ಮೊಬೈಲ್ ಹಿಡಿದಾಗ ನೀವು ಬ್ರೇಕ್ ಸದ್ದಿಗೆ ಕಿವಿ ಕೊಡಿ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಉಗಿ ಇಂಜಿನ್‌ಗಳು ನಿಂತಿವೆ. ಹತ್ತಿರ ಹೋಗಿ ನೋಡಿ, ಮೂರು ಜನ ನಿಲ್ಲುವ ಜಾಗ ಎಷ್ಟಿದೆ ಅಂತ.

ನಿಮ್ಮ ಅಜ್ಜಿ ಇನ್ನೂ ಇದ್ದಾರೆ ಅಂತ ಪತ್ರದಲ್ಲಿದೆ. ಅವರನ್ನು ಕೇಳಿ. ಅಪರಾತ್ರಿ ಶೆಡ್‌ನಿಂದ ಕೆಲಸಕ್ಕೆ ಕರೆಯುವ ಕಾಲ್‌ಮ್ಯಾನ್ ಬಂದು ಬಾಗಿಲು ಬಡಿದಾಗ ಮೊದಲು ಎದ್ದು ದೀಪ ಹಚ್ಚಿದವರು ಅವರೇ ಇರಬೇಕು. ಡಬ್ಬಿಗೆ ಏನು ಕಟ್ಟುತ್ತಿದ್ದರು, ಎಷ್ಟು ದಿನಕ್ಕೆ ಅಂತ ಕಟ್ಟುತ್ತಿದ್ದರು, ಬಟ್ಟೆಯ ಮಸಿ ಯಾವುದರಿಂದ ಬಿಡಿಸುತ್ತಿದ್ದರು, ಎಲ್ಲ ಬರೆದುಕೊಳ್ಳಿ. ದೀಪಾವಳಿ ಸಂಚಿಕೆಗೆ ಎಂಟು ಪುಟ ಖಾಲಿ ಇಟ್ಟಿರುತ್ತೇನೆ. ಅಷ್ಟರೊಳಗೆ ಬರೆದು ಕಳಿಸಿ.

ನಿಮ್ಮ,
ಸಂಪಾದಕ