ಹಳೇ ಬ್ಲಾಗಿಗೆ ಮತ್ತೆ ಬರೆಯೋದು ಹೇಗೆ?

ಪ್ರಶ್ನೆ: ನಮಸ್ಕಾರ. ಒಂದು ಕಾಲದಲ್ಲಿ ವಾರಕ್ಕೆ ಎರಡು ಪೋಸ್ಟ್ ಬರೆಯುತ್ತಿದ್ದೆ. ಓದಿದ ಪುಸ್ತಕ, ಮನೆಯ ಸಂಗತಿ, ಆಫೀಸಿನ ಮಾತು, ಹೀಗೆ ಏನೇನೋ. ಆಮೇಲೆ ಮಗು, ಕೆಲಸ, ಅಪ್ಪನ ಕಾಯಿಲೆ. ಬ್ಲಾಗ್ ಬಿಟ್ಟೆ, ಫೇಸ್‌ಬುಕ್ ಬಿಟ್ಟೆ, ಇಂಟರ್‌ನೆಟ್‌ನಲ್ಲಿ ನಾನು ಇದ್ದೇನೆ ಅನ್ನೋದೇ ಯಾರಿಗೂ ಗೊತ್ತಿಲ್ಲದ ಹಾಗೆ ವರ್ಷಗಟ್ಟಲೆ ಇದ್ದುಬಿಟ್ಟೆ. ಈಗ ಮತ್ತೆ ಬರೆಯಬೇಕು ಅನ್ನಿಸುತ್ತಿದೆ. ಆದರೆ ಕೂತರೆ ಸಾಕು, "ಇಷ್ಟು ದಿನ ಎಲ್ಲಿದ್ದೆ ಅಂದರೆ" ಅಂತ ಶುರುವಾಗಿ ನಾಲ್ಕು ಸಾಲಿಗೆ ನಿಂತುಹೋಗುತ್ತದೆ. ಹಳೇ ಓದುಗರು ಯಾರೂ ಉಳಿದಿಲ್ಲ. ಈಗ ಬ್ಲಾಗ್ ಓದುವವರಾದರೂ ಇದ್ದಾರಾ?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಮೊದಲು ಆ ನಾಲ್ಕು ಸಾಲನ್ನು ಅಳಿಸಿ. ನಿಮ್ಮ ಕೈ ಕಟ್ಟಿಹಾಕಿರುವುದು ಅದೇ. ಇಷ್ಟು ವರ್ಷ ಯಾಕೆ ಬರೆಯಲಿಲ್ಲ ಅಂತ ವಿವರಿಸಲು ಹೊರಟರೆ ಮಗು ಹುಟ್ಟಿದ್ದು, ಕೆಲಸ ಹೆಚ್ಚಾಗಿದ್ದು, ಅಪ್ಪನನ್ನು ನೋಡಿಕೊಂಡ ದಿನಗಳು ಎಲ್ಲವನ್ನೂ ಒಂದೇ ಪೋಸ್ಟಿಗೆ ತುರುಕಬೇಕಾಗುತ್ತದೆ, ಅದೂ ಬರೆಯುವ ಅಭ್ಯಾಸ ತಪ್ಪಿರುವ ಹೊತ್ತಲ್ಲಿ. ಯಾರಿಗಾದರೂ ಕಷ್ಟವೇ. ಅಪ್ಪನ ಕಾಯಿಲೆಯಂತೂ "ಅದಕ್ಕೇ ಬರೆಯಲಾಗಲಿಲ್ಲ" ಅಂತ ಕಾರಣ ಕೊಟ್ಟು ದಾಟಿಹೋಗುವ ವಿಷಯವಲ್ಲ. ಅದರ ಬಗ್ಗೆ ಮುಂದೊಂದು ದಿನ ನಿಧಾನವಾಗಿ ಬರೆಯಬಹುದು, ಬರೆಯದೆಯೂ ಇರಬಹುದು. ನಿಮ್ಮದೇ ಬ್ಲಾಗಿನಲ್ಲಿ ನೀವು ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ.

ನಿನ್ನೆ ಮೊನ್ನೆಯೂ ಬರೆದಿದ್ದೆ ಅನ್ನುವ ಹಾಗೆ ಈ ವಾರದ ಒಂದು ಸಣ್ಣ ಸಂಗತಿಯಿಂದ ಶುರು ಮಾಡಿ. ಮಗು ಕೇಳಿದ ಒಂದು ಪ್ರಶ್ನೆ ಆಗಬಹುದು. ಅರ್ಧಕ್ಕೆ ನಿಲ್ಲಿಸಿದ ಪುಸ್ತಕ, ಯಾಕೆ ನಿಲ್ಲಿಸಿದಿರಿ ಅನ್ನೋದು ಆಗಬಹುದು. ಎರಡು ಪ್ಯಾರಾ ಸಾಕು. "ಇನ್ನು ಮೇಲೆ ಪ್ರತಿ ಭಾನುವಾರ ಬರೆಯುತ್ತೇನೆ" ಅಂತ ಮಾತ್ರ ಹೇಳಿಕೊಳ್ಳಬೇಡಿ. ಎರಡು ಭಾನುವಾರ ತಪ್ಪಿದರೆ ಮತ್ತೆ ಕ್ಷಮೆ ಕೇಳುವ ಪೋಸ್ಟ್ ಬರೆಯಬೇಕು ಅನ್ನಿಸುತ್ತದೆ, ಅದನ್ನು ಬರೆಯಲಾಗದೆ ಬ್ಲಾಗೇ ನಿಂತುಹೋಗುತ್ತದೆ. ಎಷ್ಟೋ ಬ್ಲಾಗುಗಳಲ್ಲಿ ಕೊನೆಗೆ ಉಳಿದಿರುವುದು "ಮತ್ತೆ ಬಂದಿದ್ದೇನೆ" ಅನ್ನುವ ಪೋಸ್ಟೇ, ಅಲ್ವಾ?

ಇನ್ನು ಓದುಗರ ಮಾತು. ಅವರು ಚದುರಿಹೋಗಲು ನೀವು ಬರೆಯದೇ ಇದ್ದದ್ದೊಂದೇ ಕಾರಣವಲ್ಲ. ಬ್ಲಾಗ್ ನಡೆಸಲು ನೆರವಾಗುವ ಬ್ಲಾಗರ್ ಬಂದದ್ದು 1999ರಲ್ಲಿ, ಅಂಥದ್ದೇ ವರ್ಡ್‌ಪ್ರೆಸ್ 2003ರಲ್ಲಿ, ಬ್ಲಾಗ್ ಓದಲು ಗೂಗಲ್ ರೀಡರ್ 2005ರಲ್ಲಿ. ಆಗ ಬಹಳ ಜನ ತಮಗೆ ಇಷ್ಟವಾದ ಬ್ಲಾಗುಗಳನ್ನೆಲ್ಲ ಆ ರೀಡರ್‌ಗೆ ಸೇರಿಸಿಕೊಂಡು ಒಂದೇ ಕಡೆ ಓದುತ್ತಿದ್ದರು. 2013ರ ಜುಲೈ 1ರಂದು ಅದು ಮುಚ್ಚಿತು. ಅಷ್ಟರಲ್ಲಿ ಜನ ಫೇಸ್‌ಬುಕ್, ಟ್ವಿಟರ್ ಕಡೆಗೆ ಸರಿದಿದ್ದರು. ಅಲ್ಲಿ ಏನು ಕಣ್ಣಿಗೆ ಬೀಳಬೇಕು ಅನ್ನೋದನ್ನು ಓದುವವರಿಗಿಂತ ಜಾಸ್ತಿ ಕಂಪನಿಗಳ ಲೆಕ್ಕಾಚಾರವೇ ತೀರ್ಮಾನಿಸುತ್ತದೆ. ಆದರೆ ರೀಡರ್ ಯಾವುದರ ಮೇಲೆ ನಡೆಯುತ್ತಿತ್ತೋ ಆ ಆರ್‌ಎಸ್‌ಎಸ್ ಫೀಡ್, ಅಂದರೆ ಬ್ಲಾಗಿನ ಹೊಸ ಪೋಸ್ಟುಗಳನ್ನು ಬೇರೆ ಆ್ಯಪ್‌ಗಳಿಗೆ ತಾನಾಗಿ ತಲುಪಿಸುವ ಪಟ್ಟಿ, ಈಗಲೂ ಇದೆ. ಬ್ಲಾಗರ್, ವರ್ಡ್‌ಪ್ರೆಸ್ ಎರಡೂ ನೀವು ಕೇಳದೆಯೇ ಅದನ್ನು ತಯಾರಿಸಿಡುತ್ತವೆ. ಇಂಥ ಫೀಡ್ ಓದುವ ಫೀಡ್ಲಿ ಥರದ ಆ್ಯಪ್‌ನಲ್ಲಿ ಯಾರೋ ನಿಮ್ಮ ಬ್ಲಾಗನ್ನು ಸೇರಿಸಿಟ್ಟು ಮರೆತಿದ್ದರೆ, ನೀವು ಹೊಸದೊಂದು ಹಾಕಿದ ದಿನ ಅದು ಅವರ ಪಟ್ಟಿಗೆ ಬಂದು ಕೂರುತ್ತದೆ. ವಿಳಾಸ ಬದಲಾಗಿರಬಾರದು, ಅಷ್ಟೇ.

ಮೊದಲಿನಷ್ಟು ಕಮೆಂಟ್ ಬರಲಿಕ್ಕಿಲ್ಲ. ಬರಲಿಲ್ಲ ಅಂದ ಮಾತ್ರಕ್ಕೆ ಯಾರೂ ಓದಲಿಲ್ಲ ಅಂತಲ್ಲ. ಪೋಸ್ಟಿನ ಕೆಳಗೆ ಒಂದು ಇಮೇಲ್ ವಿಳಾಸ ಹಾಕಿ, ಬ್ಲಾಗಿಗೆಂದೇ ಬೇರೆಯದು ತೆರೆದರೆ ಒಳ್ಳೆಯದು. ಎಲ್ಲರ ಎದುರು ಕಮೆಂಟ್ ಹಾಕಲು ಹಿಂಜರಿಯುವವರು ಒಬ್ಬರಿಗೇ ಆದರೆ ಮನಸ್ಸು ಬಿಚ್ಚಿ ಬರೆಯುತ್ತಾರೆ. ನೀವೂ ಬೇರೆಯವರ ಬ್ಲಾಗ್ ಓದಿ, ಇಷ್ಟವಾದದ್ದಕ್ಕೆ ನಿಮ್ಮ ಪೋಸ್ಟಿನಲ್ಲಿ ಲಿಂಕ್ ಕೊಡಿ. ಒಬ್ಬರ ಓದುಗರು ಇನ್ನೊಬ್ಬರಿಗೆ ಸಿಗುತ್ತಿದ್ದದ್ದು ಹಾಗೆಯೇ, ಈಗಲೂ ಅದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಾಣುತ್ತಿಲ್ಲ. ಎಷ್ಟು ಜನ ನೋಡಿದರು ಅನ್ನುವ ಲೆಕ್ಕದ ಪುಟವನ್ನು ಸ್ವಲ್ಪ ಕಾಲ ತೆರೆಯಲೇಬೇಡಿ. ಬ್ಲಾಗಿನ ಬರಹಕ್ಕೆ ಆಯಸ್ಸು ಜಾಸ್ತಿ. ಕಾಯಿಲೆಯಾದ ಅಪ್ಪನನ್ನು ನೋಡಿಕೊಳ್ಳುತ್ತ ರಾತ್ರಿಯೆಲ್ಲ ಎಚ್ಚರವಿದ್ದ ಬಗ್ಗೆ ನೀವು ಬರೆದರೆ, ಅದು ತೀರಾ ಬೇಕಾಗಿರುವ ಒಬ್ಬರಿಗೆ ಐದು ವರ್ಷದ ಮೇಲೆ ಸರ್ಚ್‌ನಲ್ಲಿ ಸಿಗಬಹುದು. ಅವರೂ ನಿಮ್ಮ ಓದುಗರೇ.

ಪ್ರಶ್ನೆ: ಹಳೇ ಬ್ಲಾಗಿನ ಪಾಸ್‌ವರ್ಡ್ ಮರೆತಿದೆ, ಅರ್ಧ ಫೋಟೋ ಕಾಣುತ್ತಿಲ್ಲ. ಹೊಸದು ತೆರೆಯೋದೇ ವಾಸಿಯಾ?

ಉತ್ತರ: ಹೊಸದು ತೆರೆಯಿರಿ, ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ಹಳೆಯದನ್ನು ಉಳಿಸಿಕೊಳ್ಳಿ, ಇವತ್ತೇ. ಬ್ಲಾಗರ್ ಈಗ ಗೂಗಲ್‌ನದು, ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಆಗಿನ ಇಮೇಲ್ ಅಥವಾ ಫೋನ್ ನಂಬರ್ ಇನ್ನೂ ನಿಮ್ಮ ಕೈಯಲ್ಲಿದ್ದರೆ ಪಾಸ್‌ವರ್ಡ್ ಬದಲಿಸಿಕೊಳ್ಳುವುದು ಸುಲಭ. ಒಳಗೆ ಹೋದ ತಕ್ಷಣ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ತೆಗೆದುಕೊಳ್ಳಿ, ಬರಹ ಮತ್ತು ಕಮೆಂಟುಗಳೆಲ್ಲ ಒಂದು ಫೈಲ್ ಆಗಿ ಬರುತ್ತವೆ. ಫೋಟೋಗಳನ್ನು ಬೇರೆಯಾಗಿ ಇಳಿಸಿಕೊಳ್ಳಿ. ಒಳಗೆ ಹೋಗಲಾಗದಿದ್ದರೂ ಪುಟ ಕಾಣುತ್ತಿದ್ದರೆ ಒಂದೊಂದನ್ನೇ ಸೇವ್ ಮಾಡಿ, ಬೇಸರದ ಕೆಲಸ ನಿಜ, ಆದರೂ ಮಾಡಿ. ಪುಟವೇ ಇಲ್ಲವಾದರೆ ಹಳೇ ವೆಬ್ ಪುಟಗಳ ಪ್ರತಿ ಕಾದಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ನಿಮ್ಮ ಬ್ಲಾಗಿನ ವಿಳಾಸ ಹಾಕಿ ನೋಡಿ. ಬಹಳ ಜನರ ಬರಹ ಅಲ್ಲಿ ಉಳಿದಿರುತ್ತದೆ.

ಹೀಗೆ ಕಳೆದುಹೋಗುವುದು ನಿಮ್ಮೊಬ್ಬರ ಪಾಡಲ್ಲ. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ ಅಂತ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ಹೇಳಿತು. ಅದಕ್ಕೇ ಮುಂದೆ ಬರೆಯುವ ಪ್ರತಿಯೊಂದರ ಒಂದು ಪ್ರತಿ ನಿಮ್ಮ ಕಂಪ್ಯೂಟರಿನಲ್ಲೂ ಇರಲಿ. ಸಾಧ್ಯವಾದರೆ ಸ್ವಂತ ಡೊಮೇನ್ ಹೆಸರು ತೆಗೆದುಕೊಳ್ಳಿ. ನಾಳೆ ಬ್ಲಾಗನ್ನು ಬೇರೆ ಕಡೆ ಸಾಗಿಸಿದರೂ ಓದುಗರಿಗೆ ವಿಳಾಸ ಅದೇ ಇರುತ್ತದೆ.

ಪ್ರಶ್ನೆ: ಹಳೇ ಪೋಸ್ಟ್ ಓದಿದರೆ ನಾಚಿಕೆಯಾಗುತ್ತದೆ. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಲಾ?

ಉತ್ತರ: ಬರವಣಿಗೆ ಎಳಸಾಗಿದೆ ಅನ್ನುವ ಕಾರಣಕ್ಕೆ ಅಳಿಸಬೇಡಿ, ದಯವಿಟ್ಟು. ಆ ವಯಸ್ಸಿನಲ್ಲಿ ನೀವು ಹಾಗೆ ಯೋಚಿಸುತ್ತಿದ್ದಿರಿ, ಅದು ಸುಳ್ಳಲ್ಲ. ಅಭಿಪ್ರಾಯ ಬದಲಾಗಿದ್ದರೆ ಮೇಲೆ ಇವತ್ತಿನ ತಾರೀಕು ಹಾಕಿ "ಈಗ ಹೀಗೆ ಅನ್ನಿಸುವುದಿಲ್ಲ" ಅಂತ ಒಂದು ಸಾಲು ಸೇರಿಸಿ, ಸಾಕು. ಆದರೆ ಬೇರೆಯವರ ಬದುಕು ಬಂದಿರುವ ಕಡೆ ನಿಜವಾಗಿಯೂ ಕತ್ತರಿ ಬೇಕು. ಮಕ್ಕಳ ಫೋಟೋ, ಅವರ ಶಾಲೆ, ನೆಂಟರ ಕಾಯಿಲೆ, ದೂರವಾದ ಗೆಳತಿಯ ಹೆಸರು. ಆಗ ಓದುತ್ತಿದ್ದವರು ನಾಲ್ಕು ಜನ ಪರಿಚಯದವರು, ಈಗ ಹೆಸರು ಹಾಕಿ ಹುಡುಕಿದರೆ ಯಾರಿಗೂ ಸಿಗುತ್ತದೆ. ಅಂಥ ಪೋಸ್ಟುಗಳನ್ನು ಅಳಿಸುವ ಬದಲು ಡ್ರಾಫ್ಟ್‌ಗೆ ಹಾಕಿ. ನಿಮಗೆ ಮಾತ್ರ ಕಾಣುತ್ತವೆ, ಹೆಸರು ತೆಗೆದು ಮತ್ತೆ ಪ್ರಕಟಿಸಲೂಬಹುದು. ಮಕ್ಕಳು ತಮ್ಮ ಬಗ್ಗೆ ತಾವೇ ಹೇಳುವಷ್ಟು ದೊಡ್ಡವರಾಗಿದ್ದರೆ ಅವರಿಗೆ ಓದಿ ತೋರಿಸಿ, ಇದು ಇರಲಾ ಅಂತ ಕೇಳಿ. ಬೇಡ ಅಂದದ್ದನ್ನು ತೆಗೆದುಬಿಡಿ, ಕಾರಣ ಕೇಳಬೇಡಿ.